ಬೂದಿಕೋಟೆಯ ಬಾಣ ಆಕಾಶ ಮುಟ್ಟಲು ಅಷ್ಟು ವರ್ಷ ಯಾಕೆ ಹಿಡಿಯಿತು?

ಪ್ರಶ್ನೆ: ನಮ್ಮದು ಬಂಗಾರಪೇಟೆ ತಾಲ್ಲೂಕು, ಬೂದಿಕೋಟೆ ಪಕ್ಕದ ಹಳ್ಳಿ. ರೇಷ್ಮೆ ಬೆಳೆಯುತ್ತೇನೆ. ಹೋದ ಭಾನುವಾರ ಒಂಬತ್ತನೇ ಕ್ಲಾಸಿನ ಮಗಳನ್ನು ಕೋಟೆ ತೋರಿಸಲು ಕರೆದುಕೊಂಡು ಹೋಗಿ, ‘ಹೈದರಾಲಿ ಹುಟ್ಟಿದ ಊರು ಇದು, ಪ್ರಪಂಚದಲ್ಲಿ ಮೊದಲು ರಾಕೆಟ್ ಮಾಡಿದ್ದು ನಮ್ಮ ಮೈಸೂರಿನವರು’ ಎಂದೆ. ‘ಹಂಗಾದ್ರೆ ಆಕಾಶಕ್ಕೆ ನಾವ್ಯಾಕಪ್ಪ ಮೊದ್ಲು ಹೋಗ್ಲಿಲ್ಲ? ಚಂದ್ರನ ಮೇಲೆ ವಿಕ್ರಮ್ ಇಳ್ಸಿದ್ಮೇಲೂ ಮನುಷ್ಯರನ್ನ ಯಾಕೆ ಕಳ್ಸಿಲ್ಲ?’ ಎಂದು ಕೇಳಿಬಿಟ್ಟಳು. ನನಗೆ ಬಾಯಿ ಕಟ್ಟಿತು. ಅವಳಿಗೂ ತಿಳಿಯುವ ಹಾಗೆ ಬಿಡಿಸಿ ಹೇಳುತ್ತೀರಾ?

ಉತ್ತರ: ಮೊದಲು ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಕೋಲಾರದಲ್ಲಿ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಟಿಪ್ಪುವಿನ ರಾಕೆಟ್ ಅಂದರೆ ಎದೆಯುಬ್ಬಿಸುವವರು ಕ್ಲಾಸಿನ ತುಂಬ ಸಿಕ್ಕರು, ‘ಆಮೇಲೇನಾಯ್ತು ಸಾರ್?’ ಎಂದು ಕೇಳಿದವರು ಬೆರಳೆಣಿಕೆಯಷ್ಟು.

ನಿಮ್ಮ ಮಾತಿಗೆ ಒಂದು ಸಣ್ಣ ತಿದ್ದುಪಡಿ ಬೇಕು. ರಾಕೆಟ್ ಹುಟ್ಟಿದ್ದು ಚೀನಾದಲ್ಲಿ. 1232ರಲ್ಲಿ ಮಂಗೋಲರು ಕೈಫೆಂಗ್ ನಗರಕ್ಕೆ ಮುತ್ತಿಗೆ ಹಾಕಿದಾಗ ಒಳಗಿದ್ದವರು ಮದ್ದು ತುಂಬಿದ ಬೆಂಕಿಬಾಣ ಬಳಸಿದರು ಎಂದು ಚರಿತ್ರೆಕಾರರು ಬರೆಯುತ್ತಾರೆ. ಅಲ್ಲಿಂದ ಕೈಯಿಂದ ಕೈಗೆ ದಾಟುತ್ತಾ ಅದು ನಮ್ಮ ಕಡೆಗೂ ಬಂತು. ನಾವು ಈಗಲೂ ಪಟಾಕಿಗೆ ‘ಬಾಣಬಿರುಸು’ ಎನ್ನುತ್ತೇವಲ್ಲ, ಆ ಮಾತಿನೊಳಗೇ ರಾಕೆಟ್ ಕೂತಿದೆ. ಮೈಸೂರಿನ ಸೈನ್ಯದಲ್ಲೂ ಅದರ ಹೆಸರು ಬಾಣವೇ. ಹೈದರನ ತಂದೆ ಫತೇ ಮಹಮ್ಮದ್ ಶಿರಾದ ನವಾಬನ ಕೈಕೆಳಗೆ ಇದ್ದವನು; ಅವನ ಗೋರಿ ಕೋಲಾರದ ಮಕಬರಾದಲ್ಲಿದೆ. ಮಗಳನ್ನು ಅಲ್ಲಿಗೂ ಒಮ್ಮೆ ಕರೆದುಕೊಂಡು ಹೋಗಿ.

ಹಾಗಿದ್ದರೆ ನಮ್ಮವರು ಮಾಡಿದ್ದೇನು? ದೀಪಾವಳಿಯ ಒಂದು ರಾಕೆಟ್ಟನ್ನು, ಹಚ್ಚದೆ, ಕೈಯಲ್ಲಿ ಹಿಡಿದು ನೋಡಿ. ರಟ್ಟಿನ ಕೊಳವೆ, ಒಳಗೆ ಗಿಡಿದ ಮದ್ದು, ಕೆಳಗೆ ಜೇಡಿಮಣ್ಣಿನ ಬಿರಡೆಯಲ್ಲಿ ಸಣ್ಣ ತೂತು, ಪಕ್ಕಕ್ಕೆ ಕಟ್ಟಿದ ಕಡ್ಡಿ. ಹೊಗೆ ಆ ತೂತಿನಿಂದ ಎಷ್ಟು ರಭಸವಾಗಿ ಹಿಂದಕ್ಕೆ ನುಗ್ಗುತ್ತದೋ ರಾಕೆಟ್ ಅಷ್ಟು ಜೋರಾಗಿ ಮುಂದಕ್ಕೆ ಹೋಗುತ್ತದೆ. ರಭಸ ಬರಬೇಕಾದರೆ ಒಳಗೆ ಒತ್ತಡ ಬೇಕು. ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದರೆ ಆವಿ ತಟ್ಟೆಯನ್ನೇ ಎತ್ತಿ ಪುಸಪುಸ ಎಂದು ಹೊರಬೀಳುತ್ತದೆ, ಕುಕ್ಕರಿನಲ್ಲಿ ಅದೇ ಆವಿ ಸೀಟಿ ಹೊಡೆಯುತ್ತದೆ. ರಟ್ಟು, ಬಿದಿರು ತಟ್ಟೆಯಿದ್ದ ಹಾಗೆ: ಒತ್ತಡ ಏರಿದರೆ ಸಿಡಿದುಹೋಗುತ್ತವೆ. ಮೈಸೂರಿನವರು ಕೊಳವೆಯನ್ನು ಕಬ್ಬಿಣದಲ್ಲಿ ಮಾಡಿದರು. ಮದ್ದನ್ನು ಬಿಗಿಯಾಗಿ ಗಿಡಿಯಬಹುದಾಯಿತು, ಬಾಣ ಒಂದೂವರೆ ಎರಡು ಕಿಲೋಮೀಟರ್ ದೂರ ಹೋಯಿತು. ದೊಡ್ಡ ಸಂಗತಿ ಇದೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯಿಂದ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳನ್ನು ಹೊರತೆಗೆದರು. ಒಂದೊಂದೂ ಹೆಚ್ಚುಕಡಿಮೆ ಒಂದು ಗೇಣುದ್ದ. ಅಷ್ಟೇ! ಚಿತ್ರಗಳಲ್ಲಿ ಆಳೆತ್ತರ ಬರೆಯುವುದರಿಂದ ನಮಗೆ ಅದರ ಗಾತ್ರ ತಪ್ಪಾಗಿ ಮನಸ್ಸಿನಲ್ಲಿ ಕೂತಿದೆ. ಉದ್ದ ಇದ್ದದ್ದು ಅದಕ್ಕೆ ಕಟ್ಟಿದ ಬಿದಿರು ಇಲ್ಲವೇ ಕತ್ತಿಯ ಅಲಗು.

ಕಬ್ಬಿಣ ಎಲ್ಲಿಂದ ಬಂತು ಎಂದು ಮಗಳು ಕೇಳಬಹುದು. ಈ ಸೀಮೆಯಲ್ಲಿ ಅದಕ್ಕೆ ಬರವಿರಲಿಲ್ಲ. 1800ರಲ್ಲಿ ಮೈಸೂರು ರಾಜ್ಯ ಸುತ್ತಿದ ಫ್ರಾನ್ಸಿಸ್ ಬ್ಯುಕನನ್, ತುಮಕೂರು ಕಡೆಯ ಮಧುಗಿರಿ, ಚನ್ನರಾಯನದುರ್ಗದ ಸುತ್ತ ಕುಲುಮೆಗಳಲ್ಲಿ ಕಬ್ಬಿಣ ಕರಗಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನನ್ನ ಮಟ್ಟಿಗೆ ಮೈಸೂರು ರಾಕೆಟ್ಟಿನ ನಿಜವಾದ ನಾಯಕರು ಹೆಸರಿಲ್ಲದ ಆ ಕಮ್ಮಾರರು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಸಿಕ್ಕ ಬಾಣಗಳು ಲಂಡನ್ ಹತ್ತಿರದ ವುಲಿಚ್‌ನ ಶಸ್ತ್ರಾಗಾರಕ್ಕೆ ಹೋದವು. ವಿಲಿಯಂ ಕಾಂಗ್ರೀವ್ ಎಂಬಾತ ಅವುಗಳಿಂದ ಪಾಠ ಕಲಿತು ತನ್ನದೇ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅದರ ಬೆಂಕಿಗೆ ಸಿಕ್ಕಿತು. 1814ರಲ್ಲಿ ಅಮೆರಿಕದ ಕೋಟೆಯೊಂದರ ಮೇಲೆ ಅದೇ ರಾಕೆಟ್ ಬಿತ್ತು, ಆ ದೇಶದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ ಅದು. ಇಲ್ಲಿಗೆ ನಮ್ಮ ಭಾಷಣಕಾರರು ನಿಲ್ಲುತ್ತಾರೆ: ‘ಕದ್ದರು, ಬೆಳೆದರು, ನಾವು ಹಿಂದುಳಿದೆವು.’ ಕದ್ದದ್ದು ನಿಜ. ಆದರೆ ಅಲ್ಲಿಂದ ಮುಂದೆ ನೂರು ವರ್ಷ ಬ್ರಿಟಿಷರಿಗೂ ರಾಕೆಟ್ಟನ್ನು ಆಕಾಶ ದಾಟಿಸಲು ಆಗಲಿಲ್ಲ. ದುಡ್ಡಿತ್ತು, ಕಾರ್ಖಾನೆಯಿತ್ತು, ಲೆಕ್ಕ ಬಲ್ಲವರಿದ್ದರು. 1844ರಲ್ಲಿ ವಿಲಿಯಂ ಹೇಲ್ ಎಂಬಾತ ಕಡ್ಡಿಯೇ ಬೇಡದಂತೆ ರಾಕೆಟ್ಟನ್ನು ಬುಗುರಿಯ ಹಾಗೆ ತಿರುಗಿಸಿ ಬಿಡುವುದನ್ನು ಕಂಡುಕೊಂಡ. ಅಷ್ಟರಲ್ಲಿ ತೋಪುಗಳೇ ಸುಧಾರಿಸಿದವು, ರಾಕೆಟ್ ಮೂಲೆ ಸೇರಿತು. ಹಾಗಾದರೆ ಅಡ್ಡವಾಗಿದ್ದ ಗೋಡೆ ಯಾವುದು?

ಮಗಳನ್ನು ಅಂತರಗಂಗೆ ಬೆಟ್ಟದ ತುದಿಗೆ ಕರೆದುಕೊಂಡು ಹೋದಿರಿ ಎಂದಿಟ್ಟುಕೊಳ್ಳಿ. ಅವಳು ಒಂದು ಕಲ್ಲನ್ನು ಅಡ್ಡಕ್ಕೆ ಎಸೆಯುತ್ತಾಳೆ. ಮೊದಲ ಸೆಕೆಂಡಿನಲ್ಲಿ ಅದು ಸುಮಾರು 5 ಮೀಟರ್ ಕೆಳಕ್ಕೆ ಬೀಳುತ್ತದೆ. ಎಷ್ಟು ಜೋರಾಗಿ ಎಸೆದರೂ ಆ 5 ಮೀಟರ್ ತಪ್ಪಿದ್ದಲ್ಲ, ಕಲ್ಲು ಬೀಳುವ ಜಾಗ ಮಾತ್ರ ದೂರವಾಗುತ್ತದೆ. ಆದರೆ ನೆಲ ಚಪ್ಪಟೆಯಲ್ಲ. ಭೂಮಿ ದುಂಡಗಿರುವುದರಿಂದ 8 ಕಿಲೋಮೀಟರ್ ದೂರ ಹೋದರೆ ನೆಲವೇ ಸುಮಾರು 5 ಮೀಟರ್ ಕೆಳಗೆ ಜಾರಿರುತ್ತದೆ. ಅಂದಮೇಲೆ ಸೆಕೆಂಡಿಗೆ 8 ಕಿಲೋಮೀಟರಿನಷ್ಟು ವೇಗದಲ್ಲಿ ಎಸೆದ ಕಲ್ಲು ಎಷ್ಟು ಬೀಳುತ್ತದೋ ನೆಲವೂ ಅಷ್ಟೇ ಹಿಂದೆ ಸರಿಯುತ್ತದೆ, ಗಾಳಿಯ ತಡೆ ಇಲ್ಲದಿದ್ದರೆ ಕಲ್ಲು ಬೀಳುತ್ತಲೇ ಇರುತ್ತದೆ, ನೆಲ ಮುಟ್ಟುವುದೇ ಇಲ್ಲ. ಉಪಗ್ರಹ ಅಂದರೆ ಇಷ್ಟೇ.

ಬಾಹ್ಯಾಕಾಶ ನಾವು ಅಂದುಕೊಂಡಷ್ಟು ದೂರವಿಲ್ಲ. 100 ಕಿಲೋಮೀಟರ್ ಮೇಲೆ ಅದರ ಗಡಿ ಎಂದು ಲೆಕ್ಕ. ಕೋಲಾರದಿಂದ ಬೆಂಗಳೂರು ದಾಟಿ ಬಿಡದಿಗೆ ಹೋದಷ್ಟು. ಆದರೆ 400 ಕಿಲೋಮೀಟರ್ ಎತ್ತರದಲ್ಲಿ ಬೀಳದೆ ಸುತ್ತುತ್ತಿರಬೇಕಾದರೆ ಸೆಕೆಂಡಿಗೆ 7.7 ಕಿಲೋಮೀಟರ್ ಅಡ್ಡ ವೇಗ ಬೇಕು. ಆ ವೇಗದಲ್ಲಿ ಕೋಲಾರದ ಕ್ಲಾಕ್ ಟವರಿನಿಂದ ಮೆಜೆಸ್ಟಿಕ್‌ಗೆ ಒಂಬತ್ತು ಸೆಕೆಂಡು. (ನಮ್ಮ ಬಸ್ಸು ಕೆ.ಆರ್.ಪುರದ ತೂಗುಸೇತುವೆ ದಾಟುವುದಕ್ಕೆ ಎಷ್ಟು ಹೊತ್ತು ಎಂಬುದನ್ನು ನಾನು ಬರೆಯುವುದಿಲ್ಲ.) ಒಂದು ವಸ್ತುವನ್ನು 400 ಕಿಲೋಮೀಟರ್ ಎತ್ತರಕ್ಕೆ ಸುಮ್ಮನೆ ಎಸೆಯಲು ಒಂದು ಪಾಲು ಶಕ್ತಿ ಸಾಕಾದರೆ, ಅಲ್ಲಿ ಅದನ್ನು ಅಡ್ಡಕ್ಕೆ ಓಡಿಸಲು ಸುಮಾರು ಎಂಟು ಪಾಲು ಬೇಕು. ಟಿವಿಯಲ್ಲಿ ಶ್ರೀಹರಿಕೋಟಾದ ರಾಕೆಟ್ ಏರಿದ ಸ್ವಲ್ಪ ಹೊತ್ತಿಗೇ ಬಾಗಿ ಸಮುದ್ರದ ಕಡೆ ವಾಲುವುದನ್ನು ಗಮನಿಸಿದ್ದೀರಾ? ‘ದಾರಿ ತಪ್ಪಿತೇ’ ಎಂದು ನನ್ನ ಅತ್ತೆ ಪ್ರತಿ ಸಲವೂ ಗಾಬರಿಯಾಗುತ್ತಿದ್ದರು. ಅದು ದಾರಿ ಹಿಡಿಯುತ್ತಿರುವುದೇ ಆಗ.

ಈಗ ಬಾಣದ ಲೆಕ್ಕಕ್ಕೆ ಬನ್ನಿ. 1903ರಲ್ಲಿ, ಅಂದರೆ ಶಿವನಸಮುದ್ರದ ಕರೆಂಟು ಕೆಜಿಎಫ್ ಗಣಿಗೆ ಬಂದ ಮಾರನೇ ವರ್ಷ, ರಷ್ಯಾದ ಕಲುಗಾ ಎಂಬ ಸಣ್ಣ ಊರಿನ ಕಿವಿ ಕೇಳದ ಮೇಷ್ಟ್ರು ಕಾನ್‌ಸ್ಟಾಂಟಿನ್ ಸಿಯೋಲ್ಕೊವ್‌ಸ್ಕಿ ಒಂದು ಸಮೀಕರಣ ಪ್ರಕಟಿಸಿದರು. ರಾಕೆಟ್ ಗಳಿಸುವ ವೇಗ ಎರಡೇ ಸಂಗತಿಗಳ ಮೇಲೆ ನಿಂತಿದೆ: ಹಿಂದಕ್ಕೆ ನುಗ್ಗುವ ಹೊಗೆಯ ವೇಗ, ಮತ್ತು ತುಂಬಿದ ರಾಕೆಟ್ಟಿನ ತೂಕ ಖಾಲಿ ರಾಕೆಟ್ಟಿನ ಎಷ್ಟು ಪಟ್ಟು ಎಂಬುದು. ಕರಿಮದ್ದಿನ ಹೊಗೆ ಸೆಕೆಂಡಿಗೆ ಸುಮಾರು 0.8 ಕಿಲೋಮೀಟರ್ ವೇಗದಲ್ಲಿ ಹೊರಬರುತ್ತದೆ. ಕಕ್ಷೆ ಸೇರಲು, ದಾರಿಯಲ್ಲಿ ಗಾಳಿಗೂ ಗುರುತ್ವಕ್ಕೂ ತೆರುವ ಸುಂಕ ಸೇರಿ, ಸುಮಾರು 9.4 ಕಿಲೋಮೀಟರ್ ವೇಗ ಬೇಕು. ಲೆಕ್ಕ ಹಾಕಿದರೆ, ಒಂದು ಕಿಲೋ ತೂಕವನ್ನು ಕಕ್ಷೆಗೆ ಸೇರಿಸಲು ಒಂದೂಕಾಲು ಲಕ್ಷ ಕಿಲೋ ಮದ್ದು. ಅದನ್ನು ತುಂಬುವ ಕೊಳವೆಯ ತೂಕ ಇನ್ನೂ ಸೇರಿಸಿಲ್ಲ! ಒಂದು ಕಿಲೋ ರಾಗಿಹಿಟ್ಟಿನ ಪೊಟ್ಟಣಕ್ಕೆ ಹನ್ನೆರಡು ಲಾರಿ ಲೋಡು ಮದ್ದು ಅಂದುಕೊಳ್ಳಿ. ಟಿಪ್ಪುವಿನ ಹತ್ತಿರ ಎಷ್ಟೇ ಜಾಣ ಕಮ್ಮಾರರಿದ್ದರೂ, ಕಾಂಗ್ರೀವನ ಹತ್ತಿರ ಎಷ್ಟೇ ದುಡ್ಡಿದ್ದರೂ ಈ ಗೋಡೆ ಹತ್ತಲು ಸಾಧ್ಯವಿರಲಿಲ್ಲ.

ಅದೇ ಲೆಕ್ಕದಲ್ಲಿ ಕರಿಮದ್ದಿನ ಬದಲು ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ ಹಾಕಿ. ಹೊಗೆಯ ವೇಗ ಸುಮಾರು 3 ಕಿಲೋಮೀಟರ್ ಆಗುತ್ತದೆ. ಒಂದೂಕಾಲು ಲಕ್ಷ ಇದ್ದದ್ದು ಎಷ್ಟಕ್ಕೆ ಇಳಿಯಿತು ಗೊತ್ತೇ? ಬರೀ 22 ಕಿಲೋಗೆ. ನಮ್ಮ ಕಾಲದಲ್ಲಿ ನ್ಯಾಯಬೆಲೆ ಅಂಗಡಿ ಮುಂದೆ ಡಬ್ಬ ಹಿಡಿದು ನಿಂತು ತರುತ್ತಿದ್ದೆವಲ್ಲ, ಆ ಸೀಮೆಎಣ್ಣೆಯದೇ ಚೊಕ್ಕ ರೂಪ. ಜೊತೆಗೆ ಖಾಲಿಯಾದ ಟ್ಯಾಂಕನ್ನು ಹೊತ್ತುಕೊಂಡು ಹೋಗುವ ಬದಲು ದಾರಿಯಲ್ಲೇ ಕಳಚಿ ಎಸೆದರೆ ಹೊರೆ ಇನ್ನೂ ಹಗುರ. ರಾಕೆಟ್ಟುಗಳು ಎರಡು ಮೂರು ಹಂತಗಳಲ್ಲಿರುವುದು ಈ ಕಾರಣಕ್ಕೆ.

ಆದರೆ ಗಾಳಿಯೊಳಗಿನ ಆಮ್ಲಜನಕವನ್ನು ಮೊತ್ತಮೊದಲು ದ್ರವವಾಗಿಸಿದ್ದೇ 1877ರಲ್ಲಿ. ಅದಕ್ಕೆ ಸೊನ್ನೆಗಿಂತ ಕೆಳಗೆ 183 ಡಿಗ್ರಿ ಚಳಿ ಬೇಕು. ಶ್ರೀರಂಗಪಟ್ಟಣ ಬಿದ್ದು 78 ವರ್ಷದ ಮೇಲಿನ ಮಾತು. ನಿಮ್ಮ ಮಗಳ ಮೊದಲ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಬೇಕೆಂದರೆ ಇದನ್ನೇ ಹೇಳಿ: ಬೇಕಾದ ಸಾಮಾನು ಆಗ ಪ್ರಪಂಚದಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಇನ್ನೊಂದು ಸಾಮಾನು ಬಂದದ್ದು ಹಾಲಿನ ಡೇರಿಯ ಕಡೆಯಿಂದ. ಹಾಲು, ರೇಷ್ಮೆ, ಚಿನ್ನದ ಜಿಲ್ಲೆಯವರಾದ ನಮಗೆ ಇದು ಗೊತ್ತಿರಲೇಬೇಕು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರಕ್ಕೆ ಹೆಸರಾದವನು. ಕೆನೆಯಂತ್ರ ಗರಗರ ತಿರುಗಬೇಕಲ್ಲ, ಅದಕ್ಕಾಗಿ ಹಬೆಯ ಟರ್ಬೈನಿನ ಬೆನ್ನು ಹತ್ತಿದ. ಹಬೆಯನ್ನು ಅತಿ ವೇಗದಲ್ಲಿ ಉಗುಳಿಸಲು 1880ರ ದಶಕದ ಕೊನೆಯಲ್ಲಿ ಒಂದು ಮೂತಿ ಮಾಡಿದ: ಮೊದಲು ಕಿರಿದಾಗಿ, ನಡುವೆ ಕತ್ತಿನಂತೆ ಸಣ್ಣಗಾಗಿ, ಮತ್ತೆ ಗಂಟೆಯಂತೆ ಅಗಲವಾಗುವ ನಾಜಲ್. ಇಂದು ಯಾವ ರಾಕೆಟ್ಟಿನ ಬುಡ ನೋಡಿದರೂ ಕಾಣುವ ಆ ಗಂಟೆಯಾಕಾರ ಅದೇ. ಅಮೆರಿಕದ ರಾಬರ್ಟ್ ಗೊಡ್ಡಾರ್ಡ್ ಮದ್ದಿನ ರಾಕೆಟ್ಟಿಗೆ ಈ ಮೂತಿ ಜೋಡಿಸಿ ಅಳೆದಾಗ, ಶೇ 2ರ ಆಸುಪಾಸಿನಲ್ಲಿದ್ದ ದಕ್ಷತೆ ಶೇ 60 ದಾಟಿತು. ಅಂದರೆ ಹಳೆಯ ಬಾಣಗಳು ತಮ್ಮ ಮದ್ದಿನ ಬಹುಪಾಲನ್ನು ಶಬ್ದ, ಬೆಳಕು, ಬಿಸಿಯಾಗಿಯೇ ಕಳೆಯುತ್ತಿದ್ದವು.

1926ರ ಮಾರ್ಚ್ 16ರಂದು ಇದೇ ಗೊಡ್ಡಾರ್ಡ್ ಪೆಟ್ರೋಲು ಮತ್ತು ದ್ರವ ಆಮ್ಲಜನಕ ಸುಡುವ ಮೊದಲ ರಾಕೆಟ್ ಹಾರಿಸಿದರು. ಎರಡೂವರೆ ಸೆಕೆಂಡು ಹಾರಿ, ಹನ್ನೆರಡೂವರೆ ಮೀಟರ್ ಏರಿ, ಎಲೆಕೋಸಿನ ಹೊಲದಲ್ಲಿ ಬಿತ್ತು. ನಮ್ಮ ಟಿಪ್ಪುವಿನ ಬಾಣದ ಮುಂದೆ ನಗೆಪಾಟಲು. ಅದಕ್ಕೂ ಆರು ವರ್ಷ ಮೊದಲೇ ‘ನ್ಯೂಯಾರ್ಕ್ ಟೈಮ್ಸ್’ ಅವರನ್ನು ಆಡಿಕೊಂಡಿತ್ತು: ಗಾಳಿಯೇ ಇಲ್ಲದ ಕಡೆ ರಾಕೆಟ್ ಯಾವುದನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆ ಎಂದು. ರಾಕೆಟ್ ತಳ್ಳುವುದು ಹೊರಗಿನ ಗಾಳಿಯನ್ನಲ್ಲ, ತನ್ನದೇ ಹೊಗೆಯನ್ನು. ಪತ್ರಿಕೆ ತಿದ್ದುಪಡಿ ಹಾಕಿದ್ದು 1969ರ ಜುಲೈ 17ರಂದು, ಅಪೋಲೊ 11 ಚಂದ್ರನ ದಾರಿಯಲ್ಲಿದ್ದಾಗ. ಆ ಹೊತ್ತಿಗೆ ಗೊಡ್ಡಾರ್ಡ್ ತೀರಿಕೊಂಡು 24 ವರ್ಷ.

ಮುಂದಿನದು ಯುದ್ಧದ ಕಥೆ, ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿಯ ವಿ-2 ರಾಕೆಟ್ 1944ರ ಜೂನ್‌ನಲ್ಲಿ ನೆಟ್ಟಗೆ 176 ಕಿಲೋಮೀಟರ್ ಏರಿತು. ಬಾಹ್ಯಾಕಾಶ ಮುಟ್ಟಿದ ಮೊದಲ ಮಾನವ ನಿರ್ಮಿತ ವಸ್ತು ಅದು. ಅಡ್ಡ ವೇಗವಿರಲಿಲ್ಲ, ಹಾಗಾಗಿ ಏರಿದ್ದು ಹಾಗೇ ಬಿತ್ತು. ಅದೇ ವರ್ಷ ಸೆಪ್ಟೆಂಬರಿನಿಂದ ಲಂಡನ್ ಮೇಲೆ ಬೀಳತೊಡಗಿತು. ಅದರ ಏಟಿಗೆ ಸತ್ತವರಿಗಿಂತ, ಅದನ್ನು ತಯಾರಿಸುವ ಜೀತದಲ್ಲಿ ಸತ್ತ ಕೈದಿಗಳೇ ಹೆಚ್ಚು. ಅದರ ಮುಖ್ಯಸ್ಥ ವರ್ನರ್ ವಾನ್ ಬ್ರೌನ್ ಮುಂದೆ ಅಮೆರಿಕಕ್ಕೆ ಹೋಗಿ ಚಂದ್ರನಿಗೆ ಮನುಷ್ಯರನ್ನು ಒಯ್ದ ಸ್ಯಾಟರ್ನ್ 5 ಕಟ್ಟಿದ. ಇದನ್ನು ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹಾರಿಸಿಬಿಡುತ್ತದೆ, ನಾನು ಕ್ಲಾಸಿನಲ್ಲಿ ಹಾರಿಸುತ್ತಿರಲಿಲ್ಲ. ಸೋವಿಯತ್ ಕಡೆ ಸೆರ್ಗೆಯ್ ಕೊರೊಲ್ಯೋವ್ ಸ್ಟಾಲಿನ್ ಕಾಲದ ಸೆರೆಶಿಬಿರದಲ್ಲಿ ನರಳಿ ಬಂದವರು. ಅಣುಬಾಂಬು ಹೊರಲೆಂದು ಅವರು ಕಟ್ಟಿದ ಆರ್-7 ರಾಕೆಟ್ಟೇ 1957ರ ಅಕ್ಟೋಬರ್ 4ರಂದು ಪ್ರಪಂಚದ ಮೊದಲ ಕೃತಕ ಉಪಗ್ರಹ, 83.6 ಕಿಲೋ ತೂಕದ ಸ್ಪುಟ್ನಿಕ್ ಹೊತ್ತು ಹೋಯಿತು. 1966ರಲ್ಲಿ ಸಾಯುವ ತನಕ ಅವರ ಹೆಸರನ್ನೇ ಪ್ರಪಂಚಕ್ಕೆ ಹೇಳಿರಲಿಲ್ಲ.

ಇನ್ನು ಎರಡನೇ ಪ್ರಶ್ನೆ: ಮನುಷ್ಯರನ್ನು ಯಾಕೆ ಕಳಿಸಿಲ್ಲ? ಕಳಿಸುವುದು ಅರ್ಧ ಕೆಲಸ, ವಾಪಸ್ ಕರೆತರುವುದು ಇನ್ನರ್ಧ.

ಅಷ್ಟು ಕಷ್ಟಪಟ್ಟು ಗಳಿಸಿದ 7.7 ಕಿಲೋಮೀಟರ್ ವೇಗವನ್ನು ಇಳಿಯುವಾಗ ಕಳೆದುಕೊಳ್ಳಬೇಕು. ಆ ವೇಗದ ಒಂದೊಂದು ಕಿಲೋ ತೂಕದೊಳಗೂ ಸುಮಾರು 650 ಗ್ರಾಂ ಅಡುಗೆ ಅನಿಲ ಉರಿದಷ್ಟು ಶಕ್ತಿ ಅಡಗಿರುತ್ತದೆ. ಗಗನಯಾತ್ರಿಗಳು ಕೂತ ಕೋಶ ಐದು ಟನ್ ಎಂದಿಟ್ಟುಕೊಂಡರೆ, ಇನ್ನೂರಕ್ಕೂ ಹೆಚ್ಚು ಗ್ಯಾಸ್ ಸಿಲಿಂಡರುಗಳ ಬೆಂಕಿ, ಅದೂ ಕೆಲವೇ ನಿಮಿಷಗಳಲ್ಲಿ. ಮೊದಮೊದಲು ಎಂಜಿನಿಯರುಗಳು ಮೂತಿ ಸೂಜಿಯ ಹಾಗೆ ಚೂಪಾಗಿದ್ದರೆ ಒಳ್ಳೆಯದೆಂದುಕೊಂಡಿದ್ದರು. 1950ರ ದಶಕದ ಆರಂಭದಲ್ಲಿ ಅಮೆರಿಕದ ಹಾರ್ವೆ ಆಲನ್ ತಿರುಗಾಮುರುಗಾ ಹೇಳಿದರು: ಮೊಂಡಾಗಿರಲಿ. ಮೊಂಡು ಮೈ ಮುಂದಿನ ಗಾಳಿಯನ್ನು ದಪ್ಪ ಪದರವಾಗಿ ತಳ್ಳಿಕೊಂಡು ಬರುತ್ತದೆ, ಬಿಸಿಯ ಬಹುಪಾಲು ಆ ಗಾಳಿಗೇ ಹೋಗುತ್ತದೆ. ಮನುಷ್ಯರನ್ನು ಕಳಿಸುವ ನಮ್ಮ ‘ಗಗನಯಾನ’ ಯೋಜನೆಯ ಕೋಶ ಮಗುಚಿದ ಬುಟ್ಟಿಯಂತಿರುವುದು, ಅದು ಅಗಲದ ಬುಡ ಮುಂದು ಮಾಡಿ ಇಳಿಯುವುದು ಇದಕ್ಕೇ.

1961ರ ಏಪ್ರಿಲ್ 12ರಂದು ಸೋವಿಯತ್ ದೇಶದ ಯೂರಿ ಗಗಾರಿನ್ ಮನುಷ್ಯರಲ್ಲಿ ಮೊದಲಿಗರಾಗಿ ಬಾಹ್ಯಾಕಾಶಕ್ಕೆ ಹೋಗಿ ಬಂದದ್ದು 108 ನಿಮಿಷದ ಪ್ರಯಾಣ. ಬರುವಾಗ ಕಳಚಿಕೊಳ್ಳಬೇಕಿದ್ದ ಹಿಂಬದಿಯ ಯಂತ್ರಭಾಗ ವೈರುಗಳಿಂದ ತಗುಲಿಕೊಂಡೇ ಇತ್ತು. ಬೆಂಕಿಯಲ್ಲಿ ಆ ವೈರುಗಳು ಸುಟ್ಟು ತುಂಡಾಗುವವರೆಗೆ ನೌಕೆ ಗಿರಗಿರ ತಿರುಗುತ್ತಾ ಬಂತು. ನೆಲದಿಂದ 7 ಕಿಲೋಮೀಟರ್ ಮೇಲಿರುವಾಗ ಗಗಾರಿನ್ ನೌಕೆಯಿಂದ ಹೊರಚಿಮ್ಮಿ ಪ್ಯಾರಾಚೂಟಿನಲ್ಲಿ ಬೇರೆಯಾಗಿಯೇ ಇಳಿದರು. ಇಳಿದಲ್ಲಿ ಒಬ್ಬ ಅಜ್ಜಿ, ಮೊಮ್ಮಗಳ ಜೊತೆ ಆಲೂಗಡ್ಡೆ ಹೊಲದಲ್ಲಿ ಕೆಲಸ ಮಾಡುತ್ತಿದ್ದರು. ಕಿತ್ತಳೆ ಬಣ್ಣದ ಉಡುಪಿನ ಈ ಪ್ರಾಣಿಯನ್ನು ಕಂಡು ಹೆದರಿದರು. ಗೊಡ್ಡಾರ್ಡರದು ಎಲೆಕೋಸಿನ ಹೊಲ, ಗಗಾರಿನ್ನರದು ಆಲೂಗಡ್ಡೆ ಹೊಲ. ನಮ್ಮ ಚಿಂತಾಮಣಿ, ಮಾಲೂರು ಕಡೆಯವರಿಗೆ ಈ ಚರಿತ್ರೆ ಪರಕೀಯ ಅನ್ನಿಸಬೇಕಾಗಿಲ್ಲ.

ಎಲ್ಲರೂ ಹಾಗೆ ಬರಲಿಲ್ಲ. 1971ರ ಜೂನ್‌ನಲ್ಲಿ ಸೋವಿಯತ್ ನೌಕೆ ಸೋಯುಜ್ 11 ಸರಿಯಾಗಿ ನೆಲಕ್ಕಿಳಿಯಿತು, ಬಾಗಿಲು ತೆಗೆದರೆ ಮೂವರೂ ಸತ್ತಿದ್ದರು. ಮೇಲೆ ಒಂದು ವಾಲ್ವ್ ತೆರೆದುಕೊಂಡು ಗಾಳಿಯೆಲ್ಲ ಸೋರಿಹೋಗಿತ್ತು. ಮೂವರನ್ನು ಕೂರಿಸುವ ಇಕ್ಕಟ್ಟಿಗೆ ಒತ್ತಡದ ಉಡುಪು ಹಾಕಿರಲಿಲ್ಲ. 2003ರಲ್ಲಿ ಅಮೆರಿಕದ ನೌಕೆ ಕೊಲಂಬಿಯಾ ಏರುವಾಗ ಒಂದು ಫೋಮ್ ತುಂಡು ರೆಕ್ಕೆಗೆ ಬಡಿದು ತೂತಾಯಿತು. ಹದಿನಾರು ದಿನ ಎಲ್ಲ ಚೆನ್ನಾಗಿತ್ತು. ಫೆಬ್ರುವರಿ 1ರಂದು ಇಳಿಯುವಾಗ ಅದೇ ತೂತಿನಿಂದ ಬೆಂಕಿ ಒಳನುಗ್ಗಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹೋದರು.

ಬದುಕಿದ ಒಂದು ಕಥೆಯನ್ನೂ ಹೇಳಬೇಕು. 1983ರ ಸೆಪ್ಟೆಂಬರ್ 26ರಂದು ಸೋಯುಜ್ ರಾಕೆಟ್ಟಿಗೆ ಉಡಾವಣಾ ಕಟ್ಟೆಯ ಮೇಲೇ ಬೆಂಕಿ ಹತ್ತಿತು. ತುದಿಯಲ್ಲಿದ್ದ ಪಾರುಗಾಣಿಕೆ ರಾಕೆಟ್ ಇಬ್ಬರು ಕೂತ ಕೋಶವನ್ನು ಕಿತ್ತುಕೊಂಡು ಹಾರಿತು, ಕೆಲವೇ ಸೆಕೆಂಡುಗಳಲ್ಲಿ ಕೆಳಗೆ ಎಲ್ಲ ಸ್ಫೋಟವಾಯಿತು. ಆ ಇಬ್ಬರಲ್ಲಿ ಒಬ್ಬರು ಗೆನ್ನಡಿ ಸ್ಟ್ರೆಕಲೋವ್. ಆರೇ ತಿಂಗಳಿಗೆ, 1984ರ ಏಪ್ರಿಲ್ 3ರಂದು, ಅವರು ಮತ್ತೆ ಅಂಥದೇ ರಾಕೆಟ್ ಹತ್ತಿದರು. ಪಕ್ಕದ ಸೀಟಿನಲ್ಲಿ ನಮ್ಮ ರಾಕೇಶ್ ಶರ್ಮಾ. ಶರ್ಮಾ ಅವರ ಬುತ್ತಿಗೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಿಂದ ಸೂಜಿ ಹಲ್ವಾ ಹೋಗಿತ್ತು. ನಮ್ಮ ಹೋಟೆಲುಗಳ ಭಾಷೆಯಲ್ಲಿ ಕೇಸರಿಬಾತು.

ಈಗ ವಿಕ್ರಮ್ ವಿಷಯ. ಚಂದ್ರಯಾನ-3 ಹೊರಟದ್ದು 2023ರ ಜುಲೈ 14, ಇಳಿದದ್ದು ಆಗಸ್ಟ್ 23. ನಲವತ್ತು ದಿನ. ನಮ್ಮ ರಾಕೆಟ್ ಚಿಕ್ಕದು, ಹಾಗಾಗಿ ಭೂಮಿಯನ್ನು ಸುತ್ತುತ್ತಾ ಸುತ್ತುತ್ತಾ ಕಕ್ಷೆ ಹಿಗ್ಗಿಸಿಕೊಂಡು ನಿಧಾನಕ್ಕೆ ಹೋದೆವು, ಜಾಣತನದ ದಾರಿ. ವಿಕ್ರಮ್‌ಗೆ ಉಸಿರಾಡಬೇಕಿರಲಿಲ್ಲ, ಊಟ ನೀರು ಬೇಕಿರಲಿಲ್ಲ, ಮುಖ್ಯವಾಗಿ ವಾಪಸ್ ಬರಬೇಕಿರಲಿಲ್ಲ. ಅಪೋಲೊ 11 ಜುಲೈ 16ಕ್ಕೆ ಹೊರಟು 20ಕ್ಕೆ ಇಳಿಯಿತು, ಹೋದ ಮೂವರೂ ತಿರುಗಿ ಬಂದರು. ಅದಕ್ಕೆ ಬೇಕಾದ ಸ್ಯಾಟರ್ನ್ 5 ರಾಕೆಟ್ 110 ಮೀಟರ್ ಎತ್ತರ, ಸುಮಾರು 2,900 ಟನ್ ತೂಕ. ಅದರ ಐದು ಎಂಜಿನ್ನುಗಳು ಸೆಕೆಂಡಿಗೆ ಸುಮಾರು 13 ಟನ್ ಇಂಧನ, ಆಮ್ಲಜನಕ ಕುಡಿಯುತ್ತಿದ್ದವು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ದೊಡ್ಡ ನೀರಿನ ಟ್ಯಾಂಕರ್ ಲಾರಿ ಇದೆಯಲ್ಲ, ಸೆಕೆಂಡಿಗೊಂದು ಅಂಥ ಲಾರಿ. ಚಂದ್ರಯಾನ-3 ಹೊತ್ತೊಯ್ದ ನಮ್ಮ ಎಲ್‌ವಿಎಂ-3 ರಾಕೆಟ್ ಒಟ್ಟು 640 ಟನ್. ಅಮೆರಿಕದವರೂ 1972ರ ಡಿಸೆಂಬರಿನಲ್ಲಿ ಚಂದ್ರನ ಮೇಲಿಂದ ಎದ್ದು ಬಂದವರು ಮತ್ತೆ ಅರ್ಧ ಶತಮಾನ ಅಲ್ಲಿ ಕಾಲಿಡಲಿಲ್ಲ, ಖರ್ಚು ಅಂಥದ್ದು.

ನಾವು ತಡವಾದದ್ದಕ್ಕೆ ಇನ್ನೊಂದು ಕಾರಣ, ಬೇಕೆಂದೇ ಬೇರೆ ದಾರಿ ಹಿಡಿದದ್ದು. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಊರಿನಲ್ಲಿ ಮೊದಲ ರಾಕೆಟ್ ಹಾರಿಸಿದಾಗ ಆ ರಾಕೆಟ್ಟೂ ನಮ್ಮದಲ್ಲ, ಅಮೆರಿಕದ್ದು. ಮುಂದುವರಿದ ದೇಶಗಳ ಜೊತೆ ಚಂದ್ರನಿಗೆ ಹೋಗುವ, ಮನುಷ್ಯರನ್ನು ಕಳಿಸುವ ಪೈಪೋಟಿ ನಮಗೆ ಬೇಡ, ಜನರ ಕಷ್ಟಕ್ಕೆ ಆಗುವ ಕೆಲಸ ಮಾಡೋಣ ಎಂಬುದು ನಮ್ಮ ಬಾಹ್ಯಾಕಾಶ ಕೆಲಸಕ್ಕೆ ಅಡಿಪಾಯ ಹಾಕಿದ ವಿಕ್ರಂ ಸಾರಾಭಾಯಿ ಅವರ ನಿಲುವು. ಹವಾಮಾನ, ದೂರಸಂಪರ್ಕ, ಬೆಳೆ ಸಮೀಕ್ಷೆಯ ಉಪಗ್ರಹಗಳು ಮೊದಲು ಬಂದದ್ದು ಹಾಗೆ. ಆ ತೀರ್ಮಾನ ಸರಿಯಿತ್ತು ಎಂದೇ ನನ್ನ ಅಭಿಪ್ರಾಯ. ಬರಗಾಲದ ಜಿಲ್ಲೆಯವನಾಗಿ ಬೇರೆ ಹೇಳಲಾರೆ. ತುಮಕೂರು ರಸ್ತೆಯ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿಯ ಯು.ಆರ್. ರಾವ್ ಮತ್ತು ಅವರ ತಂಡ ಕಟ್ಟಿದ 360 ಕಿಲೋ ತೂಕದ ನಮ್ಮ ಮೊದಲ ಉಪಗ್ರಹ ಆರ್ಯಭಟ 1975ರಲ್ಲಿ ಹಾರಿತು. ಬೆಂಗಳೂರಿನಲ್ಲಿ ಅದರ ಮಾಹಿತಿ ಪಡೆಯುವ ಕೇಂದ್ರಕ್ಕೆ ಜಾಗವಿಲ್ಲದೆ ಒಂದು ಶೌಚಾಲಯವನ್ನೇ ಮಾರ್ಪಾಡು ಮಾಡಿಕೊಂಡಿದ್ದರು.

ಈಗ ಗಗನಯಾನದ ಸರದಿ: ಮೂವರನ್ನು 400 ಕಿಲೋಮೀಟರ್ ಎತ್ತರದ ಕಕ್ಷೆಗೆ ಒಯ್ದು, ಮೂರು ದಿನ ಇರಿಸಿ, ಸಮುದ್ರಕ್ಕಿಳಿಸುವುದು. 2023ರ ಅಕ್ಟೋಬರ್ 21ರಂದು ಅದರ ಮೊದಲ ದೊಡ್ಡ ಹಾರಾಟ ಪರೀಕ್ಷೆ ನಡೆಯಿತಲ್ಲ, ಅಂದು ಪರೀಕ್ಷಿಸಿದ್ದು ಕಕ್ಷೆಗೆ ಸೇರುವುದನ್ನಲ್ಲ, ಸ್ಟ್ರೆಕಲೋವ್ ಅವರನ್ನು ಉಳಿಸಿದಂಥ ಪಾರುಗಾಣಿಕೆ ವ್ಯವಸ್ಥೆಯನ್ನು. ಹಾರಲು ಐದು ಸೆಕೆಂಡು ಇರುವಾಗ ಕಂಪ್ಯೂಟರ್ ತಾನಾಗಿ ತಡೆದು ನಿಲ್ಲಿಸಿತು. ದೋಷ ಹುಡುಕಿ ಸರಿಪಡಿಸಿ ಬೆಳಿಗ್ಗೆ ಹತ್ತಕ್ಕೆ ಹಾರಿಸಿದರು. ಟಿವಿಯವರು ನಿಂತದ್ದನ್ನು ‘ವಿಘ್ನ’ ಎಂದರು. ಮನುಷ್ಯರನ್ನು ಕೂರಿಸುವ ಯಂತ್ರ ಹಾಗೆ ನಿಲ್ಲುವುದನ್ನು ಕಲಿತಿರಬೇಕು. ಗಗನಯಾನಕ್ಕೆ ಆಯ್ಕೆಯಾದ ಗಗನಯಾತ್ರಿಗಳಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್–ಜುಲೈನಲ್ಲಿ ಅಮೆರಿಕದ ರಾಕೆಟ್ಟಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು. ಅಲ್ಲಿ ಧಾರವಾಡದ ವಿಜ್ಞಾನಿಗಳ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಹೆಸರುಕಾಳಿನ ಕೋಸಂಬರಿಗೆ ಅಲ್ಲಿ ಇನ್ನು ತೆಂಗಿನಕಾಯಿ ಒಂದೇ ಬಾಕಿ.

ಮಗಳಿಗೆ ಇದೆಲ್ಲ ಕೈಗೆ ಸಿಗಬೇಕೆಂದರೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತನ್ನಿ. ಸೋಡಾ, ಕೋಲಾ ಬಾಟಲಿಯೇ ಬೇಕು. ನೀರಿನ ಬಾಟಲಿ ಒತ್ತಡ ತಡೆಯುವುದಿಲ್ಲ. ಬಾಯಿಗೆ ಒತ್ತಿ ಕೂರಿಸುವ ಬಿರಡೆಗೆ (ತಿರುಪಿನ ಮುಚ್ಚಳಕ್ಕಲ್ಲ) ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿ, ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ ಉದ್ದ ಪೈಪಿನ ಪಂಪಿನಿಂದ ದೂರ ನಿಂತು ಗಾಳಿ ಹೊಡೆಯಿರಿ. ಪಕ್ಕಕ್ಕೆ ರಟ್ಟಿನ ಮೂರು ರೆಕ್ಕೆ ಗಟ್ಟಿಯಾಗಿ ಅಂಟಿಸಿ. ಒಂದು ಹಳ್ಳಿ ಶಾಲೆಯಲ್ಲಿ ನಾನು ಅವಸರಕ್ಕೆ ಸೆಲ್ಲೋ ಟೇಪಿನಲ್ಲಿ ಅಂಟಿಸಿದ್ದ ರೆಕ್ಕೆ ಕಿತ್ತುಬಂದು, ಬಾಟಲಿ ಸೊಟ್ಟಗೆ ತಿರುಗಿ ಬಿಸಿಯೂಟದ ಕೋಣೆಗೇ ನುಗ್ಗಿತ್ತು. ಸಾರಿನ ಪಾತ್ರೆಗೆ ಒಂದು ಮೊಳ ದೂರದಲ್ಲಿ ಬಿತ್ತು. ಅಡುಗೆಯ ಅಕ್ಕ ಅಂದು ಹೇಳಿದ್ದನ್ನು ಇಲ್ಲಿ ಬರೆಯಲಾಗದು. ಬಯಲು ಜಾಗ ನೋಡಿಕೊಳ್ಳಿ. ಕಬ್ಬಿಣದ ಪೈಪು, ಮದ್ದಿನ ಸಹವಾಸ ಮಾತ್ರ ಬೇಡವೇ ಬೇಡ.

ಮೂರು ಸಲ ಬಿಡಿ: ಮೊದಲು ನೀರಿಲ್ಲದೆ, ಆಮೇಲೆ ಮೂರನೇ ಒಂದು ಭಾಗ ನೀರು ಹಾಕಿ, ಕೊನೆಗೆ ಹೆಚ್ಚುಕಡಿಮೆ ಪೂರ್ತಿ ತುಂಬಿಸಿ. ಯಾವುದು ಎತ್ತರ ಹೋಯಿತು, ಯಾಕೆ ಎಂದು ಅವಳೇ ಯೋಚಿಸಿ ಒಂದು ಕಾಗದದಲ್ಲಿ ಬರೆದು ಕಳಿಸಲಿ. ಮುಂದಿನ ಸಲ ನಾನು ಅವಳ ಉತ್ತರ ನೋಡುತ್ತೇನೆ.